ಕೆಂಪು ಮುಂಡಾಸು, ಮಾಚವ್ವನ ಕತ್ತೆ

ಒಂದೂರು. ಊರಿಗೊಂದು ಕೋಟೆ, ಕೋಟೆಗೊಬ್ಬ ನಾಯಕ. ಊರಿನ ಹೆಸರು ಮಾತ್ರ ಕೇಳಬೇಡಿ. ಕೇಳಿದರೆ ನಾನು ಯಾವುದೋ ಒಂದು ಹೇಳಿಬಿಡುತ್ತೇನೆ, ನೀವು ಹುಡುಕಿಕೊಂಡು ಹೋಗಿ ಅಲ್ಲಿಯವರ ಕೈಲಿ ಬೈಸಿಕೊಂಡು ಬರುತ್ತೀರಿ.

ನಾಯಕನ ಹೆಸರು ಹಾಲಪ್ಪ ನಾಯಕ. ಅವನ ಹತ್ತಿರ ಇದ್ದದ್ದು ಮುನ್ನೂರು ಜನ, ಮೂರು ಕುದುರೆ. ಮೂರರಲ್ಲಿ ಒಂದಕ್ಕೆ ಕಣ್ಣು ಕಾಣುತ್ತಿರಲಿಲ್ಲವಂತೆ. ಆದರೆ ಮುನ್ನೂರು ಜನರ ಹೆಸರೂ ಅವನಿಗೆ ಬಾಯಿಪಾಠ. ಅಂಬಲಿ ಹಂಚುವಾಗ ದೊರೆಯಾದವನು ಸಾಲಿನ ಕೊನೆಗೆ ನಿಲ್ಲುತ್ತಿದ್ದನಂತೆ. ಎಷ್ಟೋ ದಿನ ಅವನ ಪಾಲಿಗೆ ಬಂದದ್ದು ಗಡಿಗೆ ತೊಳೆದ ನೀರು.

ಇಂಥ ಕೋಟೆಯ ಮೇಲೆ ದಳವಾಯಿ ಮಲ್ಲರಸ ಏಳು ಸಾವಿರ ಸೈನ್ಯ ತಂದ. ನಮ್ಮಜ್ಜಿ ಏಳುನೂರು ಅನ್ನುತ್ತಿದ್ದಳು. ಕೇಳೋಕೆ ಚೆಂದ ಇರಲಿ ಅಂತ ಒಂದು ಸೊನ್ನೆ ನಾನೇ ಸೇರಿಸಿದ್ದೇನೆ.

ಈ ದಳವಾಯಿಯದು ಒಂದೇ ಕಟ್ಟಳೆ. "ನನ್ನ ಕೆಂಪು ಮುಂಡಾಸು ಕಂಡ ಕೂಡಲೇ ನೆಲ ನೋಡಬೇಕು. ಅದು ಹೋದ ಕಡೆ ಹೋಗಬೇಕು, ನಿಂತ ಕಡೆ ನಿಲ್ಲಬೇಕು. ತಲೆ ಎತ್ತಿ ಮುಖ ನೋಡಿದವನಿಗೆ ನೂರು ಛಡಿ." ಹಾಗಾಗಿ ಅವನ ಮುಖ ಹೇಗಿದೆ ಅಂತ ಸೈನ್ಯದಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಹೀಗೇ ಏಳು ಕೋಟೆ ಗೆದ್ದಿದ್ದ. ಗೆದ್ದ ಕೋಟೆಗೆಲ್ಲ ಬೆಂಕಿ ಇಟ್ಟಿದ್ದ. ಇದು ಎಂಟನೆಯದು.

ಕೋಟೆಯೊಳಗೆ ಮಡಿವಾಳರ ಮಾಚವ್ವ ಅಂತ ಒಬ್ಬ ಮುದುಕಿ. ಅವಳ ಮಗಳು ನಾಗಿ ಹಸಿ ಬಾಣಂತಿ. ಕೂಸು ಹುಟ್ಟಿ ಆರೇ ದಿನ. ಎಲ್ಲರೂ ಹಿಂದಿನ ಗುಡ್ಡ ಹತ್ತಿ ಓಡಬಹುದು, ನಾಗಿ ಹತ್ತಲಾರಳು. ಮಾಚವ್ವ ಯೋಚನೆ ಮಾಡಿದಳು, ಮಾಡಿದಳು, ಬಾಣಂತಿಯ ಬಟ್ಟೆಯೆಲ್ಲ ಗಂಟು ಕಟ್ಟಿ ಕತ್ತೆಯ ಮೇಲೆ ಹೇರಿ ಕೋಟೆಯಿಂದ ಹೊರಗೆ ಬಂದಳು.

"ಏಯ್ ಮುದುಕಿ, ಗಂಟು ಬಿಚ್ಚು!" ಅಂದರು ಕಾವಲಿನವರು.

"ಬಿಚ್ಕೊಳ್ರಪ್ಪ. ಪುರುಡಿನ ಬಟ್ಟೆ. ಕೋಟೆ ಒಳಗೆ ಒಗೆಯೋಕೆ ನೀರಿಲ್ಲ."

ಹೆರಿಗೆ ಮನೆಯ ಮೈಲಿಗೆ ಬಟ್ಟೆಯನ್ನು ಯಾರು ಮುಟ್ಟುತ್ತಾರೆ? "ಹೋಗವ್ವ, ಹೋಗು! ಗಾಳಿಗೆ ಅಡ್ಡ ನಿಲ್ಲಬೇಡ" ಅಂತ ಮೂಗು ಹಿಡಿದು ದಾರಿ ಬಿಟ್ಟರಂತೆ.

ಕೆರೆಯ ಹತ್ತಿರ ದಳವಾಯಿಯ ಡೇರೆ. ಅವನ ಊಳಿಗದವನು ಓಡಿಬಂದ. "ಅಗಸರವಳೇ, ಮೊದಲು ನಮ್ಮ ಕೆಲಸ. ನಾಳೆ ಹೊತ್ತು ಮೂಡುವಾಗ ಲಗ್ಗೆ. ದಳವಾಯರ ಮುಂಡಾಸು ಮಡಿಯಾಗಿರಬೇಕು ಅಂತ ಜೋಯಿಸರ ಅಪ್ಪಣೆ. ಮೈಲಿಗೆ ಸೋಕಿದರೆ ಹತ್ತು ದಿನ ಕತ್ತಿ ಮುಟ್ಟೋ ಹಾಗಿಲ್ಲ, ಹುಷಾರು!"

"ಮಡಿ ಮಾಡೋದೇ ನಮ್ಮ ಕಸುಬು ಸ್ವಾಮಿ" ಅಂದಳು ಮಾಚವ್ವ.

ಮುಂಡಾಸು ಒಗೆದಳು, ಹಿಂಡಿದಳು, ಒಣಗಿಸಿದಳು. ಪುರುಡಿನ ಗಂಟು ಮಾತ್ರ ಬಿಚ್ಚಲೇ ಇಲ್ಲ. ಬೆಳಗಾಯಿತು. ಕೆರೆಯ ಮೇಲೆ ಮಂಜು. ಏಳು ಸಾವಿರ ಜನ ಸಾಲು ನಿಂತಿದ್ದಾರೆ. ದಳವಾಯಿ ಡೇರೆಯೊಳಗೆ ಬರಿದಲೆಯಲ್ಲಿ ಮುಂಡಾಸಿಗೆ ಕಾಯುತ್ತಿದ್ದಾನೆ. ಮಾಚವ್ವ ಏನು ಮಾಡಿದಳು ಗೊತ್ತೇ? ಪುರುಡಿನ ಗಂಟನ್ನು ಕತ್ತೆಯ ಬೆನ್ನ ಮೇಲೆ ಆಳು ಕೂತ ಹಾಗೆ ಎತ್ತರಕ್ಕೆ ಕಟ್ಟಿ, ಅದಕ್ಕೆ ಕೆಂಪು ಮುಂಡಾಸು ಸುತ್ತಿ, ಹಗ್ಗ ಬಿಟ್ಟುಬಿಟ್ಟಳು!

ಆ ಕತ್ತೆಗೊಂದು ಚಾಳಿ. ಅದನ್ನು ಕೊಂಡು ತಂದದ್ದು ಮೂರು ಹರದಾರಿ ಆಚೆಯ ಕೊಳ್ಳೇಪುರದಿಂದ. ಹಗ್ಗ ಬಿಟ್ಟರೆ ಸಾಕು, ತವರಿಗೆ ಓಟ. ಮಂಜಿನಲ್ಲಿ ಕೆಂಪು ಮುಂಡಾಸು ಹೊರಟದ್ದು ಕಂಡಿತು. ನಗಾರಿ ಬಡಿಯಿತು. ಏಳು ಸಾವಿರ ತಲೆ ಕೆಳಗಾಯಿತು. ಕೋಟೆಗೆ ಬೆನ್ನು ಹಾಕಿ ಏಳು ಸಾವಿರ ಜನ ಕತ್ತೆಯ ಹಿಂದೆ ನಡೆದರಂತೆ! ನಂಬದಿದ್ದರೆ ಬಿಡಿ, ಕತ್ತೆಯೂ ಮೊದಲು ನಂಬಲಿಲ್ಲವಂತೆ.

ದಳವಾಯಿ ಡೇರೆಯಿಂದ ಹಾರಿ ಬಂದ. ಮುಂಡಾಸಿಗೆ ಕೈ ಚಾಚಿದ. ಪುರುಡಿನ ವಾಸನೆ ಮೂಗಿಗೆ ಬಡಿಯಿತು. ಮುಟ್ಟಿದರೆ ಹತ್ತು ದಿನ ಲಗ್ಗೆ ಇಲ್ಲ. ಕೈ ಹಿಂದೆ ತೆಗೆದ. ಸಿಪಾಯಿಗಳ ಕಡೆ ತಿರುಗಿ, "ನಿಲ್ರೋ! ನಾನೇ ದಳವಾಯಿ!" ಅಂತ ಕೂಗಿದ.

ಮುಂಡಾಸಿಲ್ಲದವನ ಮುಖ ನೋಡೋಕೆ ಅಡ್ಡಿಯಿಲ್ಲವಲ್ಲ, ಒಬ್ಬ ಸಿಪಾಯಿ ಓರೆಗಣ್ಣಲ್ಲಿ ನೋಡಿದ. "ದಳವಾಯರು ಮುಂದೆ ಹೋಗ್ತಾವ್ರೆ. ನೀನ್ಯಾವನಯ್ಯ ಬೋಳ? ಸಾಲಿಗೆ ಬಾ, ಛಡಿ ಬಿದ್ದೀತು."

ಮೂರು ಹರದಾರಿ ನಡೆದರು. ಕತ್ತೆ ಕೊಳ್ಳೇಪುರ ಸೇರಿತು. ತನ್ನ ಹಳೇ ತಿಪ್ಪೆ ಕಂಡದ್ದೇ ತಡ, ಬಿದ್ದು ಹೊರಳಾಡಿ ನಾಲ್ಕು ಕಾಲೂ ಮೇಲೆತ್ತಿ ಅರಚಿತು. ಇದೆಂಥ ಹುಕುಂ ಅಂತ ಮುಂದಿನ ಸಾಲಿನವನೊಬ್ಬ ಮೊಟ್ಟಮೊದಲ ಸಲ ತಲೆ ಎತ್ತಿದ.

"ಅಣ್ಣಾ, ನಮ್ಮ ದಳವಾಯರ ಕಿವಿ ಇಷ್ಟುದ್ದ ಇತ್ತೇನೋ?"

ಮೊದಲ ಸಾಲು ನಕ್ಕಿತು. ಹಿಂದಿನ ಸಾಲು ನಕ್ಕಿತು. ಏಳು ಸಾವಿರ ಜನ ಹೊಟ್ಟೆ ಹಿಡಿದು ನಕ್ಕರು. ನಕ್ಕ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು? ಬಿತ್ತನೆ ಕಾಲ ಬೇರೆ. ಒಬ್ಬೊಬ್ಬರೇ ಕತ್ತಿ ಹೆಗಲಿಗೇರಿಸಿಕೊಂಡು ತಮ್ಮ ತಮ್ಮ ಊರಿನ ದಾರಿ ಹಿಡಿದರು. ಒಂದು ಹನಿ ನೆತ್ತರು ಬೀಳದೆ ಗೆದ್ದ ಯುದ್ಧ ನಾನು ಇದೊಂದೇ ಕೇಳಿರೋದು.

ಹಾಲಪ್ಪ ನಾಯಕ ಮಾಚವ್ವನ ಮುಂದೆ ಕೈ ಮುಗಿದ. "ಅವ್ವಾ, ಏನು ಬೇಕು ಕೇಳು."

"ನನ್ನ ಕತ್ತೆ ಬೇಕು ಬುದ್ಧಿ. ಮೂರು ಹರದಾರಿ ನಡೆಯೋಕೆ ನನಗಾಗಲ್ಲ."

ನಾಯಕ ಯಾರನ್ನೂ ಕಳಿಸಲಿಲ್ಲ. ತಾನೇ ಹೋದ. ಕತ್ತೆ ತಿಪ್ಪೆ ಬಿಟ್ಟು ಏಳಲಿಲ್ಲ. ತನ್ನ ಮುಂಡಾಸು ಬಿಚ್ಚಿ ಅದರ ಕೊರಳಿಗೆ ಕಟ್ಟಿ ಎಳೆದುಕೊಂಡು ಹೊರಟ. ಬರಿದಲೆ, ಮೈಯೆಲ್ಲ ಧೂಳು, ಹಿಂದೆ ಕತ್ತೆ. ಇನ್ನೂ ಕೆರೆಯ ಆಚೆ ದಡದಲ್ಲಿರುವಾಗಲೇ ಕೊತ್ತಲದ ಮೇಲಿನ ಕಾವಲಿನವನು ಕೂಗಿದನಂತೆ:

"ನಾಯಕರು ಬಂದ್ರು! ಬಾಗಿಲು ತೆಗೀರೋ!"

ನಾಗಿಯ ಕೂಸು ಬೆಚ್ಚಗೆ ಮಲಗಿತು, ಮಾಚವ್ವನ ಬಟ್ಟೆ ಬಿಸಿಲಿಗೆ ಒಣಗಿತು, ನನ್ನ ಕಥೆ ಮಡಚಿ ಇಟ್ಟದ್ದಾಯಿತು.