ಕೊಕ್ಕರೆಯನ್ನು ಹಾರಿಸಿದ ಕೊಡೆ

ದೂರದಿಂದ ಚಿತ್ರೀಕರಿಸಿದ ಕೊಕ್ಕರೆಯ ರೆಕ್ಕೆಗೆ ಸದ್ದಿರಲಿಲ್ಲ. ವಿಡಿಯೊಗಳಿಗೆ ಸದ್ದು ಕೂಡಿಸುವ ಶಾಂಭವಿ ಹಿನ್ನೆಲೆಗೆ ತಂಬೂರಿಯನ್ನು ಮೆಲ್ಲಗೆ ಮೀಟಿ, ಮೈಕಿನೆದುರು ಹಳೆಯ ಕೊಡೆಯೊಂದನ್ನು ಬಿಚ್ಚಿ ಮಡಚಿ ರೆಕ್ಕೆಯ ಸದ್ದು ಮಾಡಿದಳು. ನೋಡಿದವರೆಲ್ಲ ಕೊಕ್ಕರೆಯನ್ನು ಹೊಗಳಿದರು.

"ಹಾರಿಸಿದ್ದು ನಾನು, ಹೊಗಳಿಕೆ ಅದಕ್ಕೆ!" ಎಂದು ಕೊಡೆ ಉರಿದುಬಿತ್ತು.

"ನನ್ನ ಹೆಸರನ್ನೂ ಯಾರೂ ಎತ್ತಲಿಲ್ಲ," ಎಂದಿತು ತಂಬೂರಿ.

"ನಿನಗೆ ಮಾನವಿಲ್ಲ. ನನಗಿದೆ."

ಮರುದಿನ ಇನ್ನೊಂದು ಕೊಕ್ಕರೆಗೆ ಸದ್ದು ಮಾಡುವಾಗ ಕೊಡೆ ಬೇಕೆಂದೇ ಫಟಾರನೆ ಬಿಚ್ಚಿಕೊಂಡಿತು. ಪಕ್ಕದಲ್ಲಿದ್ದ ಕ್ಯಾಮೆರಾದ ಮಾಚಯ್ಯ ನಕ್ಕುಬಿಟ್ಟ: "ಇದೇನ್ರೀ, ಕೊಕ್ಕರೆ ಕೊಡೆ ಬಿಚ್ಚಿದ ಹಾಗಿದೆ!"

ಕೊನೆಗೂ ತನ್ನನ್ನು ಗುರುತಿಸಿದರೆಂದು ಕೊಡೆ ಹಿಗ್ಗಿತು. ಶಾಂಭವಿ ಅದನ್ನು ಮೊಳೆಗೆ ತಗುಲಿಹಾಕಿ, ಟವೆಲೊಂದನ್ನು ಮೆಲ್ಲಗೆ ಬೀಸಿದಳು. ಕೊಕ್ಕರೆ ಮತ್ತೆ ಹಾರಿತು.

ಮೊಳೆಯಲ್ಲಿ ನೇತಾಡುತ್ತಿದ್ದ ಕೊಡೆ ಈಗ, ಯಾರೂ ಗುರುತಿಸದ ಆ ಟವೆಲನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿತ್ತು.