ಪಡುವಣ ಕಟ್ಟೆಗೆ ಮುಟ್ಟದ ಮಾತು

“ಅವ್ವಾ, ನಮ್ಮ ದವಾಖಾನೆಯ ಜಾಲತಾಣವನ್ನು ಹೊಸ ಸರ್ವರಿಗೆ ಸಾಗಿಸಿದೆ. ಹೆಸರಿಗೆ ಎರಡು ಡಿಎನ್ಎಸ್ ದಾಖಲೆಗಳಿವೆ. ಒಂದನ್ನು ಹೊಸ ವಿಳಾಸಕ್ಕೆ ತಿರುಗಿಸಿದ್ದೇನೆ. ಇನ್ನೊಂದು ಈಗಲೂ ಹಳೆಯ ವಿಳಾಸವನ್ನೇ ತೋರಿಸುತ್ತಿದೆ. ಆ ಜಾಗವನ್ನು ಬಿಟ್ಟುಕೊಟ್ಟಾಯಿತು, ಅಲ್ಲೇನೂ ಇಲ್ಲ. ನಿಧಾನಕ್ಕೆ ಸರಿಪಡಿಸಿದರೆ ಆಗದೇ?” ಎಂದು ಶಿಷ್ಯ ಬಸಲಿಂಗ ಕೇಳಿದ.

ಗುರು ನಿಂಬೆವ್ವ ಎಂದಳು: “ನಿನ್ನ ಯಂತ್ರದ ಮಾತು ನನಗೆ ತಿಳಿಯದು. ಹೆಸರು ಕೇಳಿ ಬಂದವರಿಗೆ ಮನೆ ತೋರಿಸುವ ಕೆಲಸ ಅಂತ ನೀನೇ ಅಂದಿದ್ದೆ, ಅಷ್ಟು ಸಾಕು. ಅದನ್ನು ಮುಚ್ಚಿಟ್ಟು ಇತ್ತ ಬಾ. ಕಾಲು ಮಡಚಿ ಕೂಡು. ನಡುವೆ ಬಾಯಿ ಹಾಕಬೇಡ.

ಹೊಳೆಯ ನಡುಗಡ್ಡೆಯಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಎರಡೂ ದಡದವರಿಗೆ ಅವಳ ಹೆಸರು ಗೊತ್ತು, ಮನೆ ಗೊತ್ತಿಲ್ಲ. ಮೂಡಣ ಕಟ್ಟೆಯಲ್ಲಿ ಒಬ್ಬ ಅಂಬಿಗ, ಪಡುವಣ ಕಟ್ಟೆಯಲ್ಲಿ ಒಬ್ಬ. ಹೆಸರು ಹೇಳಿದರೆ ಅವರೇ ಬಾಗಿಲಿಗೆ ಮುಟ್ಟಿಸುತ್ತಿದ್ದರು. ಅಲ್ಲೊಂದು ಕಟ್ಟಳೆ ಇತ್ತು. ಮನೆಯವರು ತಾವೇ ಬಂದು ಹೇಳಿದ ಜಾಗಕ್ಕೇ ಅಂಬಿಗ ಜನರನ್ನು ಒಯ್ಯಬೇಕು. ಗಾಳಿಮಾತು ಕೇಳಿ ಬದಲಿಸುವಂತಿಲ್ಲ.

ಗೋಡೆ ಬಿರುಕು ಬಿಟ್ಟಿತೆಂದು ಸೂಲಗಿತ್ತಿ ಗಡ್ಡೆಯ ಇನ್ನೊಂದು ತುದಿಗೆ ಮನೆ ಬದಲಿಸಿದಳು. ಮೂಡಣ ಕಟ್ಟೆಗೆ ಅಂದೇ ಹೋಗಿ ಹೇಳಿದಳು. ಪಡುವಣದಿಂದ ಬರುವವರು ಕಡಿಮೆ, ಆ ಕಡೆ ಹೋದಾಗ ಹೇಳಿದರಾಯಿತು ಅಂದುಕೊಂಡಳು. ಸೂಲಗಿತ್ತಿ ಮನೆಯೆಂಬ ಗುರುತಿಗೆ ಹಳೆಯ ಬಾಗಿಲಿಗೆ ಕಟ್ಟಿದ್ದ ಬೇವಿನ ಸೊಪ್ಪನ್ನೂ ಬಿಚ್ಚಲಿಲ್ಲ. ಆ ಖಾಲಿ ಮನೆಗೆ ಯಾರೋ ಒಬ್ಬಳು ಬಂದು ಸೇರಿಕೊಂಡಳು. ಅವಳೂ ಸೊಪ್ಪು ಬಿಚ್ಚಲಿಲ್ಲ.

ಒಂದು ಮುಸ್ಸಂಜೆ ನೇಕಾರನೊಬ್ಬ ಹೆರಿಗೆ ನೋವಿನ ಹೆಂಡತಿಯನ್ನು ಪಡುವಣ ಕಟ್ಟೆಗೆ ತಂದ. ‘ಹೆದರಬೇಡ ತಮ್ಮಾ, ಹೆಸರು ಹೇಳಿದಿ, ಇನ್ನು ನನ್ನ ಕೆಲಸ’ ಅಂದ ಅಂಬಿಗ, ಹಳೆಯ ಬಾಗಿಲಿಗೆ ಮುಟ್ಟಿಸಿ ಹಿಂದಿರುಗಿದ.

‘ಸೂಲಗಿತ್ತಿ ಮನೆ ಇದೇ ಏನವ್ವಾ?’

‘ಇದೇ. ಅವಳನ್ನು ಒಳಗೆ ಕಳಿಸು, ನೀನು ಅಂಗಳದಲ್ಲಿರು. ಮೈಮೇಲಿನ ಬಂಗಾರವೆಲ್ಲ ತೆಗೆಸ್ತೀನಿ, ಹೆರಿಗೆಗೆ ಅಡ್ಡ ಬರ್ತದೆ.’

ಕದ ಮುಚ್ಚಿತು. ಹೆರಿಗೆಯ ಕೋಣೆಗೆ ಗಂಡಸು ಕಾಲಿಡುವಂತಿಲ್ಲ. ಅವನು ಅಂಗಳದಲ್ಲೇ ಕೂತ. ಹೆಂಡತಿ ಕೂಗುತ್ತಿದ್ದಳು. ಆಮೇಲೆ ಕೂಗು ಸಣ್ಣದಾಯಿತು. ನೋವು ಇಳಿದಿರಬೇಕು ಅಂದುಕೊಂಡ. ಆಮೇಲೆ ಒಳಗೆ ದೀಪ ಆರಿತು. ಕರೆದ, ಉತ್ತರವಿಲ್ಲ. ಕದ ನೂಕಿದ. ಹಿತ್ತಿಲ ಬಾಗಿಲು ತೆರೆದಿತ್ತು. ಹೆಂಡತಿ ನೆಲದ ಮೇಲೆ ಒಬ್ಬಳೇ ಬಿದ್ದಿದ್ದಳು.

ಅವನು ಸೂಲಗಿತ್ತಿಯ ಹೆಸರು ಹಿಡಿದು ಕೂಗುತ್ತಾ ಗಡ್ಡೆಯೆಲ್ಲ ಓಡಿದ. ಇನ್ನೊಂದು ತುದಿಯಿಂದ ಒಬ್ಬ ಹೆಂಗಸು ಲಾಟೀನು ಹಿಡಿದು ಎದುರಿಗೆ ಬಂದಳು.

‘ಯಾಕಪ್ಪಾ, ನನ್ನನ್ಯಾಕೆ ಕೂಗ್ತೀ?’

‘ನೀನ್ಯಾರು?’

‘ನೀನು ಕೂಗಿದ ಸೂಲಗಿತ್ತಿ ನಾನೇ.’

‘ಹಂಗಾದರೆ ಒಳಗಿದ್ದವಳು ಯಾರು?’ ಅಂದ ನೇಕಾರ.

ಸೂಲಗಿತ್ತಿ ಓಡಿ ಹೋಗಿ ಹೆರಿಗೆ ಮಾಡಿಸಿದಳು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಬಂಗಾರ ಒಯ್ದವಳು ಸಿಗಲೇ ಇಲ್ಲ, ಅವಳ ಮುಖವೂ ಯಾರಿಗೂ ನೆನಪಿಲ್ಲ. ಅಂಬಿಗನನ್ನು ಯಾರೂ ಬಯ್ಯಲಿಲ್ಲ, ಆದರೂ ಅವನು ಮತ್ತೆ ಹುಟ್ಟು ಹಿಡಿಯಲಿಲ್ಲ. ನೇಕಾರ ಮಗಳನ್ನು ಎತ್ತಿಕೊಂಡು ಬೇರೆ ಊರು ಸೇರಿದ. ಸೂಲಗಿತ್ತಿ ಮರುದಿನವೇ ಪಡುವಣ ಕಟ್ಟೆಗೆ ಹೋಗಿ ಹೊಸ ಮನೆ ಹೇಳಿ ಬಂದಳು. ಆ ದಡದಿಂದ ಮುಂದೆ ಯಾರೂ ಬರಲಿಲ್ಲ. ಅಲ್ಲಿ ಈಗ ಅಳುವ ಮಕ್ಕಳ ಬಾಯಿ ಮುಚ್ಚಿಸಲು ಅವಳ ಹೆಸರು ಹೇಳುತ್ತಾರೆ.”

“ಆದರೆ ಅವ್ವಾ, ಅವಳು ಬಿಟ್ಟು ಹೋಗಿದ್ದು ಖಾಲಿ ಮನೆಯನ್ನಲ್ಲವೇ?” ಎಂದ ಬಸಲಿಂಗ.

“ಮನೆ ಬಿಟ್ಟಳು ಮಗಾ, ಅದರೊಳಗೆ ಹೆಸರನ್ನೂ ಬಿಟ್ಟು ಹೋದಳು.”

ಬಸಲಿಂಗ ಮುಚ್ಚಿಟ್ಟಿದ್ದ ಯಂತ್ರವನ್ನು ತೆರೆದು ಎರಡನೆಯ ದಾಖಲೆಯನ್ನೂ ಹೊಸ ವಿಳಾಸಕ್ಕೆ ತಿರುಗಿಸಿದ.