ನೋಡದವನ ಗುಂಡು

ಮಾದೇನಕಟ್ಟೆಯಲ್ಲಿ ಬಸ್ಸಿಳಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಓಂಕಾರಣ್ಣನ ಹೋಟೆಲು. ಅದರ ಹಿತ್ತಲಿನಾಚೆ, ಹುಣಸೆಮರದ ಪಕ್ಕದಲ್ಲಿ, ಆಳೆತ್ತರದ ಒಂದು ಬಂಡೆ. ಅದರ ನೆತ್ತಿಯಲ್ಲಿ ಒಬ್ಬರು ಕೂರುವಷ್ಟು ಜಾಗ ನುಣ್ಣಗೆ ಸವೆದಿದೆ. ಅಲ್ಲಿ ಕೂತರೆ ಎದುರಿಗೆ ಬೋಳುಗುಡ್ಡ ಬಿಟ್ಟು ಬೇರೇನೂ ಕಾಣದು. ಊರೆಲ್ಲ ಬೆನ್ನಿಗೆ ಬೀಳುತ್ತದೆ. ಇದಕ್ಕೆ ನೋಡದವನ ಗುಂಡು ಎನ್ನುತ್ತಾರೆ. ಇಲ್ಲಿ ಯಾರೋ ಸನ್ಯಾಸಿ ಕಣ್ಣು ಮುಚ್ಚಿ ತಪಸ್ಸು ಮಾಡಿದನೆಂದು ಕತೆ ಕಟ್ಟುವವರೂ ಇದ್ದಾರೆ. ಶುದ್ಧ ಸುಳ್ಳು. ಇಲ್ಲಿ ಕೂತವನಿಗಿದ್ದಷ್ಟು ಸಿಟ್ಟು ಯಾವ ಸನ್ಯಾಸಿಗೂ ಇರಲಾರದು.

ಹಿಂದೆ ಒಮ್ಮೆ, ಊರಿಗೆಲ್ಲ ಹೋಟೆಲಿನದೊಂದೇ ಟೀವಿ ಇದ್ದ ಕಾಲದಲ್ಲಿ, ಹಿಟ್ಟಿನ ಗಿರಣಿಯ ಬೋರಲಿಂಗಯ್ಯ ಎಂಬವನಿದ್ದ. ಕ್ರಿಕೆಟ್ಟೆಂದರೆ ಅವನಿಗೆ ಪ್ರಾಣ. ಯಾರನ್ನು ಮೊದಲು ಆಡಿಸಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ಗಿರಾಕಿಗಳಿಗೆ ಪಾಠ ಹೇಳುತ್ತಿದ್ದ. ಪಾಠ ಮುಗಿಯದೆ ಯಾರ ಹಿಟ್ಟೂ ಕೈಗೆ ಸಿಗುತ್ತಿರಲಿಲ್ಲ. ಒಂದು ಭಾನುವಾರ ಅವನು ಹೋಟೆಲಿನ ಹೊಸಿಲು ದಾಟಿದ್ದೇ ತಡ, ಚೆನ್ನಾಗಿ ಆಡುತ್ತಿದ್ದ ನಮ್ಮವನೊಬ್ಬ ಔಟಾದ. ಬೆಂಚಿನ ಮೇಲೆ ಕೂತ, ಇನ್ನೊಬ್ಬನೂ ಹೋದ. ಜನ ಟೀವಿ ಬಿಟ್ಟು ಇವನನ್ನು ನೋಡತೊಡಗಿದರು. ಓಂಕಾರಣ್ಣ ಹತ್ತಿರ ಬಂದು, "ಬೋರಲಿಂಗ, ತಪ್ಪು ತಿಳ್ಕೋಬೇಡ, ಒಂದ್ಗಳಿಗೆ ಆಚೆ ಹೋಗಿ ಬಾರಪ್ಪ," ಅಂದ. ಬೋರಲಿಂಗಯ್ಯ ಗೊಣಗುತ್ತ ಹಿತ್ತಲಿನ ಬಂಡೆ ಹತ್ತಿ ಕೂತ. ಒಳಗೆ ಸಿಕ್ಸರು! ಅಲ್ಲಿಗೆ ಅವನ ಕತೆ ಮುಗಿಯಿತು.

ಅಂದಿನಿಂದ ನಮ್ಮವರ ಬ್ಯಾಟಿಂಗ್ ಶುರುವಾಯಿತೆಂದರೆ ಅವನಿಗೆ ಬಂಡೆಯೇ ಗತಿ. ಟೀ ಪುಕ್ಕಟೆ ಬರುತ್ತಿತ್ತು, ಮರ್ಯಾದೆ ಮಾತ್ರ ಬರುತ್ತಿರಲಿಲ್ಲ. ಗೆದ್ದರೆ ಆಡಿದವರಿಗೆ ಶಹಬ್ಬಾಸ್; ಸೋತರೆ ಊರಿಗೂರೇ ಬಂದು, "ತಿರುಗಿ ನೋಡಿದ್ಯಾ? ನಿಜ ಹೇಳು!" ಎಂದು ದಬಾಯಿಸುತ್ತಿತ್ತು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆಡೋರು ಹನ್ನೊಂದು ಜನ, ಹೊರಗೆ ಹೋಗೋ ಚೆಂಡಿಗೆ ಬ್ಯಾಟು ಕೊಡೋನು ಅವನ್ಯಾವನೋ, ಬಯ್ಯಿಸಿಕೊಳ್ಳೋನು ನಾನಾ? ನನ್ನ ಕಾಲ್ಗುಣ ಅಷ್ಟು ದೂರದ ಮೈದಾನಕ್ಕೆ ಹೇಗೆ ಮುಟ್ಟುತ್ತೆ? ಹೀಗೆ ಬೋಳುಗುಡ್ಡಕ್ಕೆ ಬೈಯುತ್ತ ಕೂರುತ್ತಿದ್ದ. ನಮ್ಮವರು ಗೆಲ್ಲುವುದನ್ನು ಒಂದೇ ಒಂದು ಸಲ ಕಣ್ಣಾರೆ ನೋಡಬೇಕು ಎಂಬುದಷ್ಟೇ ಅವನ ಆಸೆ. ಕೊನೆಗೆ ಹಟಕ್ಕೆ ಬಿದ್ದು ತನ್ನ ಮನೆಗೇ ಟೀವಿ ತಂದ. ಈಗ ಯಾವನು ಎಬ್ಬಿಸಿ ಕಳಿಸ್ತಾನೋ ನೋಡ್ತೀನಿ ಅಂದ.

ಫೈನಲ್ ದಿನ ಬಾಗಿಲಿಗೆ ಅಗಳಿ ಹಾಕಿಕೊಂಡು ಕೂತ. ಗೆಲುವು ಇನ್ನೇನು ಕೈಗೆಟುಕುವಂತಿತ್ತು. ಆಗ ಒಬ್ಬ ಔಟಾದ. ಬೋರಲಿಂಗಯ್ಯ ಹಲ್ಲು ಕಚ್ಚಿ ಕೂತ. ಮತ್ತೊಬ್ಬನೂ ಔಟಾದ. ಹಾಳಾದ್ದು ಎನ್ನುತ್ತ ಎದ್ದು ತಾನೇ ಟೀವಿ ಆರಿಸಿದ, ಅಗಳಿ ತೆಗೆದ. ಹೆಂಡತಿ ಪುಟ್ಟಗೌರಮ್ಮ, "ರೀ, ಸ್ವಂತ ಟೀವಿ ಬಿಟ್ಟು ಎಲ್ಲಿಗ್ರೀ?" ಎಂದು ಕೂಗುತ್ತಲೇ ಇದ್ದಳು.

ಸ್ವಲ್ಪ ಹೊತ್ತಿಗೆ ಊರು ಹೋ ಎಂದಿತು, ಪಟಾಕಿ ಸಿಡಿದವು. ಹಿತ್ತಲಿಗೆ ಓಡಿಬಂದ ಓಂಕಾರಣ್ಣ ಬಂಡೆಯ ಮೇಲೆ ಅವನನ್ನು ಕಂಡು ದಂಗಾಗಿ ನಿಂತ. "ಅಯ್ಯೋ ಮಾರಾಯ, ಇವತ್ತು ನಿನ್ನ ಯಾರೂ ಕಳಿಸ್ಲಿಲ್ಲವಲ್ಲೋ!"

ಬೋರಲಿಂಗಯ್ಯ ತಿರುಗಲಿಲ್ಲ. "ಕೊನೇ ಹೊಡೆತ ಯಾವ ಕಡೆ ಹೋಯ್ತು, ಅದನ್ನಾದ್ರೂ ಹೇಳಣ್ಣ," ಅಂದನಂತೆ.

ಈಗ ಬೋರಲಿಂಗಯ್ಯನೂ ಇಲ್ಲ, ಓಂಕಾರಣ್ಣನೂ ಇಲ್ಲ. ಹೋಟೆಲಿಗೆ ಹೆಸರಷ್ಟೇ ಉಳಿದಿದೆ. ಮನೆಮನೆಯಲ್ಲಿ ಟೀವಿ, ಕೈಕೈಯಲ್ಲಿ ಮೊಬೈಲು. ಆದರೂ ಪಂದ್ಯ ಬಿಗಿಯಾದ ದಿನ ಬಂದವರು ನೋಡಬಹುದು: ಮೊಬೈಲು ಆರಿಸಿ ಜೇಬಿಗಿಟ್ಟು, ಊರಿಗೆ ಬೆನ್ನು ಹಾಕಿ, ಆ ಗುಂಡಿನ ಮೇಲೆ ಯಾರಾದರೊಬ್ಬರು ಕೂತೇ ಇರುತ್ತಾರೆ. ಯಾರು ಕಳಿಸಿದರು ಎಂದು ಕೇಳಿದರೆ ರೇಗುತ್ತಾರೆ. ಆಮೇಲೆ ತಿರುಗದೆಯೇ, ಸ್ಕೋರೆಷ್ಟಾಯಿತು ಎಂದು ಕೇಳುತ್ತಾರೆ.